ಬಾಗಿಲಿನ ಬಿಲ್ಲಿನಲ್ಲಿ ಮರದ ಹೆಸರು ಬರೆಯಿರಿ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ನಿಮ್ಮ ಪುರವಣಿಯಲ್ಲಿ ಮನೆಯ ಮುಂಬಾಗಿಲು ಆರಿಸುವ ಬಗೆ ಕುರಿತು ಒಂದು ಪುಟದ ಲೇಖನ ಬಂದಿತ್ತು. ಚಿತ್ರಗಳು ಚೆನ್ನಾಗಿದ್ದವು. ಸಾಗವಾನಿ, ಉಕ್ಕು, ಫೈಬರ್, ಡಬ್ಲ್ಯೂಪಿಸಿ (ಮರದ ಪುಡಿಗೆ ಪ್ಲಾಸ್ಟಿಕ್ ಬೆರೆಸಿ ಮಾಡಿದ ಹಲಗೆ) ಎಂದು ಒಂದೊಂದರ ಗುಣದೋಷ ಹೇಳಿ, ಕೊನೆಗೆ ‘ನಿಮ್ಮ ಅಭಿರುಚಿ ಮತ್ತು ಬಜೆಟ್‌ಗೆ ತಕ್ಕುದನ್ನು ಆರಿಸಿಕೊಳ್ಳಿ’ ಎಂದು ಮುಗಿಸಿದ್ದರು. ನನ್ನ ತಕರಾರು ಆ ಕೊನೆಯ ಮಾತಿನ ಬಗ್ಗೆ. ಧಾರವಾಡದಲ್ಲಿ ಪಶ್ಚಿಮಕ್ಕೆ ಮುಖ ಮಾಡಿದ ಮನೆಗೆ ಒಗ್ಗುವ ಬಾಗಿಲು ಗದಗಿನ ಪೂರ್ವಾಭಿಮುಖ ಮನೆಗೂ ಒಗ್ಗಬೇಕೆಂದಿಲ್ಲ. ಮಳೆ ಯಾವ ದಿಕ್ಕಿನಿಂದ ಹೊಡೆಯುತ್ತದೆ, ಬಿಸಿಲು ಎಷ್ಟು ಹೊತ್ತು ಬೀಳುತ್ತದೆ, ತಳಪಾಯದ ಕೆಳಗೆ ಎಂಥ ಮಣ್ಣಿದೆ ಎಂಬುದನ್ನು ನೋಡಿದ ಮೇಲೆ ಅಭಿರುಚಿಯ ಮಾತು. ಇನ್ನೂ ಮುಖ್ಯವಾದ ಒಂದು ಪ್ರಶ್ನೆ ಲೇಖನದಲ್ಲಿ ಇರಲೇ ಇಲ್ಲ. ಅಂಗಡಿಯವರು ಬಾಯಲ್ಲಿ ಹೇಳುವ ಮರವೇ ಬಾಗಿಲಿನಲ್ಲೂ ಇದೆ ಎಂದು ಕೊಳ್ಳುವವನಿಗೆ ತಿಳಿಯುವುದು ಹೇಗೆ?

ನಾನು ಸರ್ಕಾರಿ ಐಟಿಐಯಲ್ಲಿ ಹುಡುಗರಿಗೆ ಬಡಿಗತನ ಕಲಿಸಿ ನಿವೃತ್ತನಾದವನು. ಮನೆ ಬೆಟಗೇರಿಯಲ್ಲಿ. ತಂಗಿಯನ್ನು ಅಣ್ಣಿಗೇರಿಗೆ ಕೊಟ್ಟಿದ್ದೇವೆ, ಮಗಳು ಧಾರವಾಡದ ಕೆಲಗೇರಿ ಕಡೆ ಮನೆ ಕಟ್ಟಿಕೊಂಡಿದ್ದಾಳೆ, ಹೆಂಡತಿಯ ತವರು ಹಾನಗಲ್ ತಾಲ್ಲೂಕು. ಎರೆ ನೆಲ, ಬಿಡದೆ ಸುರಿಯುವ ಜಿಟಿಜಿಟಿ ಮಳೆ, ಮಲೆನಾಡಿನ ಸೆರಗು ಮೂರನ್ನೂ ನೆಂಟಸ್ತನವೇ ನನಗೆ ಪರಿಚಯಿಸಿದೆ. ಎಲ್ಲಿ ಹೋದರೂ ‘ಮಾಸ್ತರರೇ, ಒಮ್ಮೆ ನಮ್ಮ ಬಾಗಿಲು ನೋಡಿ ಹೋಗಿರಿ’ ಎನ್ನುವವರು ಇದ್ದೇ ಇರುತ್ತಾರೆ. ಜೀವಮಾನದಲ್ಲಿ ಒಂದೇ ಸಲ ಮನೆ ಕಟ್ಟುವ ಮಂದಿ, ಸಾಲ ಮಾಡಿ ತಂದ ಬಾಗಿಲು ಎರಡನೆಯ ಮಳೆಗಾಲಕ್ಕೇ ಸೊಟ್ಟಗಾದಾಗ ಪಡುವ ಸಂಕಟವನ್ನು ಹತ್ತಿರದಿಂದ ಕಂಡಿದ್ದೇನೆ. ಅದಕ್ಕಾಗಿಯೇ ಪತ್ರ ಉದ್ದವಾಗಿದೆ. ದಯವಿಟ್ಟು ಕತ್ತರಿಸಬೇಡಿ.

ಮೊದಲು ಮಣ್ಣಿನ ವಿಚಾರ. ಬಾಗಿಲಿನ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಅದನ್ನು ಎತ್ತುವುದೇ ಇಲ್ಲ. ಅಣ್ಣಿಗೇರಿ, ನವಲಗುಂದ, ನರಗುಂದ, ರೋಣ ಈ ಸೀಮೆಯೆಲ್ಲ ಎರೆ ಭೂಮಿ. ಮಳೆಗಾಲದಲ್ಲಿ ಎರೆ ಮಣ್ಣು ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಕುಗ್ಗಿ ಬಿರುಕು ಬಿಡುತ್ತದೆ. ತಳಪಾಯ ಸಾಕಷ್ಟು ಆಳಕ್ಕೆ ಹೋಗಿರದಿದ್ದರೆ ಮೇಲಿನ ಗೋಡೆಯೂ ಆ ಮಣ್ಣಿನ ಜೊತೆಗೆ ಏಳುತ್ತ ಇಳಿಯುತ್ತ ಇರುತ್ತದೆ. ಆ ಏರಿಳಿತ ಮೊದಲು ಕಣ್ಣಿಗೆ ಬೀಳುವುದು ಬಾಗಿಲಿನಲ್ಲಿ.

ಒಂದು ಮಳೆಗಾಲದಲ್ಲಿ ತಂಗಿ ಫೋನ್ ಮಾಡಿ, ‘ಅಣ್ಣಾ, ಬಾಗಿಲು ಹಾಕಿದರೆ ತೆಗೆಯಲು ಬರುವುದಿಲ್ಲ, ತೆಗೆದರೆ ಹಾಕಲು ಬರುವುದಿಲ್ಲ. ನೀನೇ ಬಂದು ನೋಡು’ ಎಂದಳು. ನಾನು ಹೋಗುವಷ್ಟರಲ್ಲಿ ಅವಳ ಗಂಡ ಬಡಿಗನಿಗೆ ಬೈದು ಮುಗಿಸಿದ್ದರು. ‘ಹಸಿ ಕಟ್ಟಿಗೆ ಹಾಕಿ ಮೋಸ ಮಾಡಿದ್ದಾನೆ, ನೀರು ಕುಡಿದು ಉಬ್ಬಿದೆ’ ಎಂಬುದು ಅವರ ತೀರ್ಮಾನ. ನಾನು ಚೌಕಟ್ಟಿನ ಮೇಲಿನ ಎಡ ಮೂಲೆಯಿಂದ ಕೆಳಗಿನ ಬಲ ಮೂಲೆಗೆ ದಾರ ಹಿಡಿದು ಅಳೆದೆ, ಆಮೇಲೆ ಇನ್ನೊಂದು ಜೊತೆ ಮೂಲೆಗಳಿಗೆ ಹಿಡಿದೆ. ಚೌಕಟ್ಟು ಸರಿಯಾಗಿದ್ದರೆ ಎರಡು ಅಳತೆಯೂ ಒಂದೇ ಬರಬೇಕು. ಅರ್ಧ ಇಂಚಿಗಿಂತ ಹೆಚ್ಚು ವ್ಯತ್ಯಾಸ ಬಂತು. ತಲೆಯೆತ್ತಿ ನೋಡಿದರೆ ಚೌಕಟ್ಟಿನ ಮೂಲೆಯಿಂದ ಹೊರಟು ಓರೆಯಾಗಿ ಸೂರಿನ ಕಡೆಗೆ ಹತ್ತಿದ ಸಣ್ಣ ಬಿರುಕು. ಮರ ನಿರಪರಾಧಿ, ನೆಲ ಅಲುಗಿದೆ ಎಂದು ತೋರಿಸಿಕೊಟ್ಟ ಮೇಲೆ ಅವರು ಬಡಿಗನನ್ನು ಕರೆಸಿದರು. ಅವನು ಚಿಲಕದ ಬದಿಗೆ ರಂದಾ ಹೊಡೆದು ಒಂದಿಷ್ಟು ಮರ ತೆಗೆದ, ಮೇಲಿನ ಬಿಜಾಗರಿಯ ಹಿಂದೆ ತೆಳ್ಳನೆಯ ಪಟ್ಟಿ ಕೊಟ್ಟ. ಒಂದು ತಾಸಿನಲ್ಲಿ ಬಾಗಿಲು ಕೂತಿತು.

ಎರೆ ನೆಲದ ಊರುಗಳಲ್ಲಿ ಮುಂಬಾಗಿಲಿಗೆ ಮರವೇ ಇರಲಿ ಎಂದು ನಾನು ಹಟ ಹಿಡಿಯುವುದು ಇದಕ್ಕೆ. ಮರವನ್ನು ಕೆತ್ತಬಹುದು, ಕೂಡಿಸಬಹುದು, ಪಟ್ಟಿ ಹಚ್ಚಬಹುದು. ಕಾರ್ಖಾನೆಯಿಂದ ಚೌಕಟ್ಟು ಸಮೇತ ಬರುವ ಉಕ್ಕಿನ ಬಾಗಿಲು ಒಮ್ಮೆ ಚೌಕ ತಪ್ಪಿದರೆ ಅದನ್ನು ಕೆತ್ತಲು ಬರುವುದಿಲ್ಲ. ಹಲವು ಕೊಂಡಿಗಳು ಒಟ್ಟಿಗೆ ಕೂರುವ ಬೀಗವಿದ್ದರಂತೂ ಎರಡು ಮಿಲಿಮೀಟರ್ ಸರಿದರೂ ಬೀಗ ಕೂರುವುದಿಲ್ಲ. ಅಲ್ಲಿಯೂ ಉಕ್ಕೇ ಬೇಕೆನ್ನುವವರು, ಕೂರಿಸಿದ ಮೇಲೂ ಸ್ಕ್ರೂ ತಿರುಗಿಸಿ ಮೇಲೆ ಕೆಳಗೆ ಸರಿಪಡಿಸಬಹುದಾದ ಬಿಜಾಗರಿ ಇರುವುದನ್ನೇ ಕೇಳಿ ತರಬೇಕು. ಸೂರಿನ ನೀರು ಗೋಡೆಯ ಬುಡಕ್ಕೆ ಬೀಳದಂತೆ ಮನೆಯ ಸುತ್ತ ಇಳಿಜಾರು ಕಟ್ಟೆ ಹಾಕಿಸುವುದು ಯಾವ ಬಾಗಿಲಿಗಾದರೂ ಒಳ್ಳೆಯದು.

ಧಾರವಾಡದ ಕಥೆ ಬೇರೆ. ಅಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯ ಜೊತೆ ಮಳೆ ಬರುವುದು ಪಶ್ಚಿಮ ಮತ್ತು ನೈಋತ್ಯದಿಂದ. ಮಗಳ ಮನೆಯ ಬಾಗಿಲು ನೇರವಾಗಿ ಪಶ್ಚಿಮಕ್ಕೆ. ಮನೆ ಕಟ್ಟುವಾಗ ಅಂಗಡಿಯೊಂದರಲ್ಲಿ ದೇವರ ಚಿತ್ರ ಅಚ್ಚು ಮಾಡಿದ ಲ್ಯಾಮಿನೇಟ್ ಬಾಗಿಲನ್ನು ‘ವಾಟರ್‌ಪ್ರೂಫ್’ ಎಂದು ಹೇಳಿ ಕೊಟ್ಟಿದ್ದರು. ಮುಂದಿನ ಶ್ರಾವಣದಲ್ಲಿ ಅವಳು, ‘ಅಪ್ಪಾ, ಬಾಗಿಲಿನ ಕೆಳಗಿನ ಅಂಚು ಹಪ್ಪಳದಂತೆ ಎದ್ದಿದೆ’ ಎಂದಳು. ಕದವನ್ನು ಬಿಜಾಗರಿಯಿಂದ ಬಿಚ್ಚಿ ಅಡ್ಡ ಮಲಗಿಸಿ ನೋಡಿದೆ. ಮುಂದೆ ಹಿಂದೆ ಎರಡೂ ಕಡೆ ಥಳಥಳ ಹೊಳೆಯುವ ಹಾಳೆ. ಕೆಳ ಅಂಚಿಗೆ ಮಾತ್ರ ಬಣ್ಣವಿಲ್ಲ, ಪಾಲಿಶ್ ಇಲ್ಲ, ಪಟ್ಟಿಯಿಲ್ಲ. ಒಳಗಿನ ಹಲಗೆಯ ತುಂಡುಗಳು ಹಾಗೇ ಬರಿಮೈಯಲ್ಲಿ ಕಾಣುತ್ತಿದ್ದವು. ಬೆರಳಿನಿಂದ ಒತ್ತಿದರೆ ಪುಡಿಯಾಗಿ ಉದುರಿತು. ಗಾಳಿಮಳೆಗೆ ನೆಲಕ್ಕೆ ಬಿದ್ದು ಚಿಮ್ಮಿದ ನೀರನ್ನೂ ಬೆಳಿಗ್ಗೆ ಹೊಸ್ತಿಲು ತೊಳೆದ ನೀರನ್ನೂ ಆ ಅಂಚು ಪ್ರತಿದಿನ ಹೀರುತ್ತಿತ್ತು.

ಹೀಗಾಗಿ, ಯಾವ ಬಾಗಿಲನ್ನಾದರೂ ಕೊಳ್ಳುವವರು ಮುಖ ನೋಡುವ ಮೊದಲು ಬುಡ ನೋಡಬೇಕು. ಅಂಗಡಿಯಲ್ಲಿ ನಿಲ್ಲಿಸಿದ ಬಾಗಿಲಿನ ಕೆಳ ಅಂಚಿಗೂ ಮೇಲಿನ ಅಂಚಿಗೂ ಕೈಯಾಡಿಸಿರಿ. ಮರದ ನಾಳಗಳು ಬಾಯಿ ತೆರೆದಿರುವುದು ಅಲ್ಲೇ. ಹಲಗೆಯ ಅಗಲ ಮೈಗಿಂತ ಹಲವು ಪಟ್ಟು ವೇಗವಾಗಿ ಆ ತುದಿಯಿಂದ ನೀರು ಒಳಗೆ ಹೋಗುತ್ತದೆ. ಪಾಲಿಶ್ ಮಾಡುವವರು ಬಾಗಿಲು ತೂಗುಹಾಕಿದ ಮೇಲೆ ಬರುತ್ತಾರೆ. ಆಗ ಬುಡಕ್ಕೆ ಬ್ರಷ್ ಹೋಗುವುದಿಲ್ಲ, ಅವರು ಬಿಟ್ಟುಬಿಡುತ್ತಾರೆ. ಕೂರಿಸುವ ಮೊದಲೇ ಆರೂ ಮುಖಗಳಿಗೆ ಪಾಲಿಶ್ ಆಗಬೇಕೆಂದು ಕರಾರು ಮಾಡಿಕೊಳ್ಳಿರಿ. ಮನೆಯ ಒಳಗಿನ ಕಪಾಟಿಗೆ ಹಾಕುವ ಪಾಲಿಶ್ ಬಿಸಿಲುಮಳೆಗೆ ಬಿರಿದು ಸಿಪ್ಪೆಯೇಳುತ್ತದೆ. ಹೊರಗಿನ ಬಳಕೆಗೆಂದೇ ಬರುವುದು ಬೇಕು.

ಮಗಳ ಮನೆಗೆ ನಾವು ಮೊದಲು ಮಾಡಿಸಿದ್ದು ಹೊಸ ಬಾಗಿಲನ್ನಲ್ಲ, ಬಾಗಿಲಿನ ಮೇಲೆ ಮೂರು ಅಡಿ ಮುಂದಕ್ಕೆ ಚಾಚಿದ ಸಜ್ಜಾವನ್ನು. ಪಶ್ಚಿಮದ ಮಳೆಗೆ ಎದುರಾಗಿ ನಿಂತ ಬಾಗಿಲಿಗೆ ಸಜ್ಜಾ ಅಥವಾ ಪೋರ್ಚ್ ಇಲ್ಲದಿದ್ದರೆ ಎಂಥ ಸಾಗವಾನಿಯೂ ಬಣ್ಣಗೆಟ್ಟು ಬೂದಿಯಾಗುತ್ತದೆ. ಮೇಲೆ ಆಸರೆಯಿದ್ದರೆ ಮಧ್ಯಮ ದರ್ಜೆಯ ಮರವೂ ಒಂದು ತಲೆಮಾರು ಬಾಳುತ್ತದೆ. ಕೈಯಲ್ಲಿರುವ ಹಣ ಎರಡರಲ್ಲಿ ಒಂದಕ್ಕೆ ಮಾತ್ರ ಸಾಕಾಗುತ್ತದೆ ಎಂದಾದರೆ ಸಜ್ಜಾಕ್ಕೆ ಹಾಕಿರಿ.

ಇನ್ನು ಮರದ ವಿಚಾರ. ನಮ್ಮ ಕಡೆ ಮುಂಬಾಗಿಲೆಂದರೆ ಸಾಗವಾನಿಯೇ ಆಗಬೇಕೆಂಬ ಆಸೆ ಎಲ್ಲರಿಗೂ ಇದೆ, ಅದಕ್ಕೆ ಕಾರಣವೂ ಇದೆ. ಸಾಗವಾನಿಯ ಕೆಚ್ಚಿನಲ್ಲಿ, ಅಂದರೆ ಕಾಂಡದ ನಡುವಿನ ಗಟ್ಟಿ ಭಾಗದಲ್ಲಿ, ಸಹಜವಾದ ಎಣ್ಣೆಯಂಶವಿದ್ದು ಗೆದ್ದಲು ಬೇಗ ಮುಟ್ಟುವುದಿಲ್ಲ. ಒಣಗುವಾಗ ಬೇರೆ ಮರಗಳಷ್ಟು ಕುಗ್ಗುವುದಿಲ್ಲ, ತಿರುಚಿಕೊಳ್ಳುವುದಿಲ್ಲ. ಆದರೆ ಈ ಗುಣಗಳೆಲ್ಲ ಕೆಚ್ಚಿಗೆ ಸೇರಿದವು. ಕೆಚ್ಚಿನ ಸುತ್ತ ಇರುವ ಬಿಳಿ ಭಾಗ ಸಾಗವಾನಿ ಮರದ್ದೇ ಆದರೂ ಗೆದ್ದಲಿಗೂ ಕುಟ್ಟೆ ಹುಳಕ್ಕೂ ಸುಲಭದ ತುತ್ತು. ನಮ್ಮ ರೈತರು ಹೊಲದ ಬದುವಿನಲ್ಲಿ ಬೆಳೆಸಿದ ಸಾಗವಾನಿಯನ್ನು ಹದಿನೈದು ಇಪ್ಪತ್ತು ವರ್ಷಕ್ಕೆ ಕಡಿದರೆ ಅದರಲ್ಲಿ ಬಿಳಿ ಭಾಗದ ಪಾಲು ಹೆಚ್ಚಾಗಿಯೇ ಇರುತ್ತದೆ. ಅದನ್ನು ತೆಗೆದು ಕೊಯ್ದರೆ ಒಳ್ಳೆಯ ಬಾಗಿಲೇ ಆಗುತ್ತದೆ. ತೆಗೆಯದೆ ಕಂದು ಬಣ್ಣ ಬಳಿದು ಮಾರಿದರೆ ಅದು ಮೋಸ.

ಅಂಗಡಿಗಳಲ್ಲಿ ‘ಬರ್ಮಾ ಸಾಗವಾನಿ’ ಎಂಬ ಹೆಸರು ಧಾರಾಳವಾಗಿ ಕೇಳಿಬರುತ್ತದೆ. ಮ್ಯಾನ್ಮಾರ್ ದೇಶ 2014ರ ಏಪ್ರಿಲ್ 1ರಿಂದ ದುಂಡು ಮರದ ರಫ್ತನ್ನು ನಿಷೇಧಿಸಿತು. ಅಲ್ಲಿಯೇ ಕೊಯ್ದ ಹಲಗೆ ಬರಬಹುದು, ಹಳೆಯ ದಾಸ್ತಾನು ಇರಬಹುದು. ಆದರೂ ಬರ್ಮಾ ಎಂದು ಹೇಳಿದವರ ಹತ್ತಿರ ಖರೀದಿಯ ಕಾಗದ ಕೇಳುವ ಹಕ್ಕು ನಿಮ್ಮದು. ಘಾನಾ, ನೈಜೀರಿಯಾ, ಬ್ರೆಜಿಲ್, ಈಕ್ವೆಡಾರ್ ಮುಂತಾದ ದೇಶಗಳ ತೋಪಿನ ಸಾಗವಾನಿಯೂ ನಮ್ಮ ದೇಶಕ್ಕೆ ಬರುತ್ತದೆ. ಅದು ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಘಾನಾದ್ದನ್ನು ಘಾನಾದ್ದೆಂದು ಹೇಳಿ ಅದರ ಬೆಲೆಗೆ ಮಾರಲಿ. ದಾಂಡೇಲಿ, ಯಲ್ಲಾಪುರ, ಹಳಿಯಾಳ ಕಾಡುಗಳ ಸಾಗವಾನಿಗೆ ನಮ್ಮ ಜನ ಇಂದಿಗೂ ಮೊದಲ ಸ್ಥಾನ ಕೊಡುತ್ತಾರೆ. ಅದು ಅರಣ್ಯ ಇಲಾಖೆಯ ಡಿಪೊಗಳಿಂದ ಹರಾಜಿನಲ್ಲಿ ಹೊರಗೆ ಬರುವ ಮರ, ದಿಮ್ಮಿಯ ಮೇಲೆ ಇಲಾಖೆಯ ಸುತ್ತಿಗೆ ಗುರುತು ಇರುತ್ತದೆ, ಸಾಗಣೆಗೆ ಪರವಾನಗಿ ಇರುತ್ತದೆ. ದಾಂಡೇಲಿ ಮಾಲು ಎಂದು ಬೆಲೆ ಏರಿಸುವವರಿಗೆ ಆ ಕಾಗದ ತೋರಿಸಲು ಕಷ್ಟವೇನೂ ಇಲ್ಲ.

ಗುರುತು ಹಿಡಿಯುವುದಕ್ಕೆ ಮಾಸ್ತರರೇ ಬೇಕೆಂದಿಲ್ಲ. ಬಾಗಿಲಿನ ಬುಡದಲ್ಲಿ ಕಣ್ಣಿಗೆ ಬೀಳದ ಒಂದು ಮೂಲೆಯನ್ನು ಬಡಿಗನ ಉಳಿಯಿಂದ ಚೂರು ಕೆತ್ತಿಸಿರಿ. ಸಾಗವಾನಿಯಾಗಿದ್ದರೆ ಹೊಸ ಮೈ ಹೊಂಬಣ್ಣದಿಂದ ಕಂದುಬಣ್ಣದ ನಡುವೆ ಇರುತ್ತದೆ, ಬೆರಳಿಗೆ ತುಸು ಜಿಡ್ಡು ತಾಗುತ್ತದೆ, ಮೂಸಿದರೆ ಹದ ಮಾಡಿದ ಚರ್ಮದ ವಾಸನೆ ಹತ್ತಿರದಲ್ಲೇ ಇರುತ್ತದೆ. ಅಡ್ಡ ಕೊಯ್ದ ತುದಿಯನ್ನು ಒದ್ದೆ ಮಾಡಿ ನೋಡಿದರೆ ವರ್ಷದ ಬಳೆಗಳು, ಪ್ರತಿ ಬಳೆಯ ಆರಂಭದಲ್ಲಿ ಸಾಲಾಗಿ ದೊಡ್ಡ ರಂಧ್ರಗಳು ಬರಿಗಣ್ಣಿಗೇ ಕಾಣುತ್ತವೆ. ಬಣ್ಣ ಬಳಿದ ಅಗ್ಗದ ಮರವಾಗಿದ್ದರೆ ಕೆತ್ತಿದ ಜಾಗ ಸುತ್ತಲಿನದಕ್ಕಿಂತ ಬೇರೆಯೇ ಬಣ್ಣ ತೋರಿಸುತ್ತದೆ. ಕೆತ್ತಲು ಬಿಡುವುದಿಲ್ಲ ಎನ್ನುವ ಅಂಗಡಿಯಿಂದ ಎದ್ದು ಬನ್ನಿರಿ.

ಸಾಗವಾನಿ ಕೈಗೆಟುಕದಿದ್ದರೆ ಮನಸ್ಸು ಸಣ್ಣದು ಮಾಡಿಕೊಳ್ಳಬೇಕಾಗಿಲ್ಲ. ಹಾನಗಲ್ ಕಡೆಯ ಹಳೆಯ ಮನೆಗಳಲ್ಲಿ ಹಲಸಿನ ಬಾಗಿಲುಗಳನ್ನು ನೋಡಿದ್ದೇನೆ. ಹಲಸಿನ ಕೆಚ್ಚು ಗೆದ್ದಲಿಗೆ ಸುಲಭವಾಗಿ ಬಗ್ಗುವುದಿಲ್ಲ, ಹೊಸತರಲ್ಲಿ ಅರಿಸಿನದಂಥ ಬಣ್ಣ, ವರ್ಷ ಕಳೆದಂತೆ ಕೆಂಪುಗಂದು. ಹೊನ್ನೆ ಗಟ್ಟಿ ಮರ, ಬಾಳಿಕೆಯದ್ದು. ಒದ್ದೆಯಾದರೆ ಹಳದಿ ಬಣ್ಣ ಬಿಡುವುದರಿಂದ ಚೆನ್ನಾಗಿ ಪಾಲಿಶ್ ಆಗುವವರೆಗೆ ಬಿಳಿ ಗೋಡೆಯ ಪಕ್ಕ ನೆನೆಯಲು ಬಿಡಬಾರದು, ಅಷ್ಟೇ. ಮತ್ತಿ ಭಾರದ ಮರ, ಚೌಕಟ್ಟಿಗೆ ಹೇಳಿ ಮಾಡಿಸಿದ್ದು, ಆದರೆ ಒಣಗುವಾಗ ಸೀಳುತ್ತದೆ. ನೆರಳಿನಲ್ಲಿ ನಿಧಾನವಾಗಿ ಒಣಗಿಸಿದ್ದನ್ನೇ ಕೊಳ್ಳಬೇಕು. ಜಾಲಿ ಗಾಡಿಗೆ, ಕೂರಿಗೆಗೆ, ಹಿಡಿಕೆಗೆ ಉತ್ತಮ, ಬಾಗಿಲಿಗೆ ಬೇಡ. ಹಳೆಯ ಮಾಳಿಗೆ ಮನೆಗಳನ್ನು ಕೆಡವಿದಾಗ ಬರುವ ತೊಲೆ ಕಂಬಗಳನ್ನು ಮಾರುವ ಅಂಗಡಿಗಳು ಹುಬ್ಬಳ್ಳಿಯಲ್ಲೂ ಧಾರವಾಡದಲ್ಲೂ ಇವೆ. ಅಲ್ಲಿ ಸಿಗುವ ಹಳೆಯ ಸಾಗವಾನಿ ದಶಕಗಟ್ಟಲೆ ಒಣಗಿದ್ದು, ಇನ್ನು ಕುಗ್ಗಲು ಅದರಲ್ಲಿ ಏನೂ ಉಳಿದಿರುವುದಿಲ್ಲ. ಮೊಳೆಗಳನ್ನು ಕೀಳಿಸಿ, ಸುತ್ತಿಗೆಯಿಂದ ಉದ್ದಕ್ಕೂ ಬಡಿದು ನೋಡಿ ಕೊಂಡರೆ ಅದಕ್ಕಿಂತ ಒಳ್ಳೆಯ ಮಾಲು ನಮ್ಮ ಜಿಲ್ಲೆಗಳಲ್ಲಿ ಇಲ್ಲ ಎಂದೇ ನನ್ನ ಅಭಿಪ್ರಾಯ. ಬಡಿದಾಗ ಟಣ್ ಎಂದು ಸ್ಪಷ್ಟ ದನಿ ಬರಬೇಕು, ಮಂದ ದನಿ ಬಂದರೆ ಒಳಗೆ ಟೊಳ್ಳಾಗಿದೆ ಎಂದರ್ಥ.

ಯಾವ ಮರವಾದರೂ ಒಣಗಿರಬೇಕು. ನಮ್ಮ ಹವೆಗೆ ಬಾಗಿಲಿನ ಮರದ ತೇವಾಂಶ ಶೇ 10ರಿಂದ 12ರ ಆಸುಪಾಸು ಇದ್ದರೆ ನೆಮ್ಮದಿ. ಶೇ 20 ತೇವವಿರುವ ಒಂದು ಅಡಿ ಅಗಲದ ಹಲಗೆ ಗದಗಿನ ಬೇಸಿಗೆಯಲ್ಲಿ ಶೇ 10ಕ್ಕೆ ಇಳಿಯುವಷ್ಟರಲ್ಲಿ, ಸಾಗವಾನಿಯೇ ಆದರೂ, ನಾಲ್ಕೈದು ಮಿಲಿಮೀಟರ್ ಕುಗ್ಗಬಲ್ಲದು. ನಮ್ಮ ಹಿರಿಯರು ಬಾಗಿಲನ್ನು ಒಂದೇ ಅಗಲ ಹಲಗೆಯಿಂದ ಮಾಡದೆ, ಸುತ್ತ ಪಟ್ಟಿಗಳ ಕಟ್ಟು ಹಾಕಿ ನಡುವೆ ದಿಲ್ಲೆಗಳನ್ನು, ಅಂದರೆ ಸಣ್ಣ ಹಲಗೆಗಳನ್ನು, ಪಟ್ಟಿಯಲ್ಲಿ ಕೊರೆದ ತೋಡಿನಲ್ಲಿ ಸಡಿಲವಾಗಿ ಕೂರಿಸುತ್ತಿದ್ದರು. ದಿಲ್ಲೆ ಕುಗ್ಗಿದರೂ ಉಬ್ಬಿದರೂ ಆ ತೋಡಿನೊಳಗೇ ಆಡುತ್ತದೆ, ಹೊರಗಿನ ಅಳತೆ ಬದಲಾಗುವುದಿಲ್ಲ. ಈಗ ಕೆಲವರು ಅವಸರಕ್ಕೆ ದಿಲ್ಲೆಗೆ ಅಂಟು ಸುರಿದು ಮೊಳೆ ಹೊಡೆಯುತ್ತಾರೆ. ಆಡಲು ಜಾಗವಿಲ್ಲದ ಹಲಗೆ ನಡುವೆ ಸೀಳದೆ ಬೇರೇನು ಮಾಡೀತು? ಮರದ ತೇವ ಅಳೆಯಲು ಎರಡು ಮೊನೆಯ ಸಣ್ಣ ಮೀಟರ್ ಬರುತ್ತದೆ, ಚುಚ್ಚಿದರೆ ಅಂಕಿ ತೋರಿಸುತ್ತದೆ. ಲಕ್ಷಗಟ್ಟಲೆ ವ್ಯಾಪಾರ ಮಾಡುವ ಪ್ರತಿ ಅಂಗಡಿಯಲ್ಲೂ ಅದು ಇರಲೇಬೇಕು.

ಚೌಕಟ್ಟಿನ ಬಗ್ಗೆ ಒಂದು ಲೆಕ್ಕ ಕೊಡುತ್ತೇನೆ. ಏಳು ಅಡಿ ಎತ್ತರ, ಮೂರೂವರೆ ಅಡಿ ಅಗಲ, ಐದು ಇಂಚು ನಾಲ್ಕು ಇಂಚಿನ ದಪ್ಪ ಹಿಡಿದರೆ, ಹೊಸ್ತಿಲು ಸೇರಿ ಚೌಕಟ್ಟಿಗೆ ಸುಮಾರು 3 ಘನ ಅಡಿ ಮರ ಬೇಕು. ಆರೂವರೆ ಅಡಿ ಎತ್ತರ, ಮೂರು ಅಡಿ ಅಗಲ, ಒಂದೂವರೆ ಇಂಚು ದಪ್ಪದ ಕದಕ್ಕೆ ಸುಮಾರು ಎರಡೂವರೆ ಘನ ಅಡಿ. ಕೊಯ್ಯುವಾಗ ಹೋಗುವ ಪುಡಿ, ತುಂಡು ಬೇರೆ. ಈ ಲೆಕ್ಕ ತಲೆಯಲ್ಲಿದ್ದರೆ ಹತ್ತು ಘನ ಅಡಿಯ ಹಣ ಕೇಳುವವರನ್ನು ನಿಲ್ಲಿಸಿ ಪ್ರಶ್ನಿಸಬಹುದು. ಅಂಥ ಸಾಗವಾನಿ ಕದ 40 ಕಿಲೊಗಿಂತ ಹೆಚ್ಚು ತೂಗುತ್ತದೆ, ಮತ್ತಿಯದಾದರೆ 60 ಕಿಲೊ ಹತ್ತಿರ ಹೋಗುತ್ತದೆ. ಅದಕ್ಕೆ ಮೂರು ಸಣ್ಣ ಬಿಜಾಗರಿ ಸಾಲುವುದಿಲ್ಲ, ಐದು ಇಂಚಿನವು ನಾಲ್ಕು ಬೇಕು. ಕಳ್ಳರು ಒಡೆಯುವುದು ಕದದ ನಡುವಿನ ಹಲಗೆಯನ್ನಲ್ಲ, ಬೀಗದ ಬಳಿಯ ಚೌಕಟ್ಟನ್ನು. ಗೋಡೆಯೊಳಗೆ ಪ್ರತಿ ಬದಿಗೆ ಚೌಕಟ್ಟನ್ನು ಹಿಡಿದಿಡುವ ಮೂರು ಕಬ್ಬಿಣದ ಹೋಲ್ಡ್‌ಫಾಸ್ಟ್ ಹಾಕಿ ಕಾಂಕ್ರೀಟಿನಲ್ಲಿ ಹೂಳಿರದಿದ್ದರೆ ದುಬಾರಿ ಬೀಗ ಹಾಕಿಯೂ ಫಲವಿಲ್ಲ.

ಉಕ್ಕಿನ ಬಾಗಿಲಿಗೆ ನಾನು ವೈರಿಯಲ್ಲ. ಗೆದ್ದಲು ಹತ್ತುವುದಿಲ್ಲ, ಮಳೆಗೆ ಉಬ್ಬುವುದಿಲ್ಲ, ಗಟ್ಟಿ ನೆಲದ ಮೇಲಿನ ಮನೆಗೆ, ಅಪಾರ್ಟ್‌ಮೆಂಟಿನ ಒಳ ಓಣಿಗೆ ಚೆನ್ನಾಗಿ ಒಗ್ಗುತ್ತದೆ. ಆದರೆ ಕೊಳ್ಳುವಾಗ ಗೇಜ್ ಲೆಕ್ಕದಲ್ಲಿ ಮರುಳಾಗಬಾರದು. ಗೇಜ್ ಸಂಖ್ಯೆ ಹೆಚ್ಚಿದಷ್ಟೂ ತಗಡು ತೆಳ್ಳಗೆ. 16 ಗೇಜ್ ಎಂದರೆ ಸುಮಾರು 1.6 ಮಿಲಿಮೀಟರ್, 18 ಎಂದರೆ ಸುಮಾರು 1.2, 20ಕ್ಕೆ ಹೋದರೆ 1 ಮಿಲಿಮೀಟರಿಗೂ ಕಡಿಮೆ. ತಗಡಿನ ದಪ್ಪವನ್ನು ಮಿಲಿಮೀಟರಿನಲ್ಲೇ ಬರೆಸಿಕೊಳ್ಳಿರಿ, ಸತುವಿನ ಲೇಪವಿದೆಯೇ ಕೇಳಿರಿ, ಒಳಗೆ ತುಂಬಿದ್ದು ಕಾಗದದ ಜೇನುಗೂಡೋ ಬೇರೆ ಏನೋ ಎಂಬುದನ್ನೂ ಕೇಳಿರಿ. ಗದಗ, ಮುಂಡರಗಿ ಕಡೆ ಪಶ್ಚಿಮಕ್ಕೆ ನಿಲ್ಲಿಸಿದ ಗಾಢ ಬಣ್ಣದ ಉಕ್ಕಿನ ಬಾಗಿಲು ಏಪ್ರಿಲ್‌ನ ಸಂಜೆ ಕೈ ಇಡಲು ಬಾರದಷ್ಟು ಕಾಯುತ್ತದೆ. ಮಕ್ಕಳಿರುವ ಮನೆಯವರು ಇದನ್ನು ಯೋಚಿಸಬೇಕು.

ನಮ್ಮ ಹೆಣ್ಣುಮಕ್ಕಳು ಕೇಳುವ ಒಂದು ಪ್ರಶ್ನೆಗೆ ಮಾರಾಟಗಾರರು ಸರಿಯಾಗಿ ಉತ್ತರಿಸುವುದಿಲ್ಲ. ದಿನವೂ ಹೊಸ್ತಿಲು ತೊಳೆದು ಅರಿಸಿನ ಕುಂಕುಮ ಹಚ್ಚಿ ರಂಗೋಲಿ ಎಳೆಯುವ ಮನೆಗೆ ಉಕ್ಕಿನ ಹೊಸ್ತಿಲು ಹೇಗೆ? ಹಬ್ಬಕ್ಕೆ ತೋರಣ ಕಟ್ಟುವುದು ಎಲ್ಲಿಗೆ? ತೋರಣಕ್ಕೆಂದು ಉಕ್ಕಿನ ಚೌಕಟ್ಟಿಗೆ ತೂತು ಕೊರೆದರೆ ಲೇಪ ಹರಿದು ತುಕ್ಕು ಅಲ್ಲಿಂದಲೇ ಶುರುವಾಗುತ್ತದೆ. ಆದ್ದರಿಂದ ಗೋಡೆಗೇ ಎರಡು ಕೊಕ್ಕೆ ಹಾಕಿಸಿಕೊಳ್ಳಬೇಕು. ಹೊಸ್ತಿಲಿನ ಬಗ್ಗೆ ನನ್ನ ಸಲಹೆ ಮರದ ಬಾಗಿಲಿನವರಿಗೂ ಉಕ್ಕಿನ ಬಾಗಿಲಿನವರಿಗೂ ಒಂದೇ. ಗ್ರಾನೈಟ್ ಅಥವಾ ಕಡಪ ಕಲ್ಲಿನ ಹೊಸ್ತಿಲು ಕೂರಿಸಿರಿ, ಅದು ಹೊರಗಡೆಗೆ ತುಸು ಇಳಿಜಾರಾಗಿರಲಿ. ಬೆಳಗಿನ ನೀರಿನಿಂದ ಮೊದಲು ಕೊಳೆಯುವುದು ಮರದ ಹೊಸ್ತಿಲು ಮತ್ತು ಅದಕ್ಕೆ ತಾಗಿದ ಚೌಕಟ್ಟಿನ ಕಾಲು. ಲಕ್ಕುಂಡಿಯ ಗುಡಿಗಳಲ್ಲಿ ದ್ವಾರದ ಶಾಖೆಗಳಿಂದ (ಬಾಗಿಲಿನ ಇಕ್ಕೆಲದ ಪಟ್ಟಿಗಳಿಂದ) ಹಿಡಿದು ಹೊಸ್ತಿಲವರೆಗೆ ಎಲ್ಲವೂ ಕಲ್ಲು. ನಮ್ಮ ಸೀಮೆಗೆ ಕಲ್ಲಿನ ಹೊಸ್ತಿಲಿನಷ್ಟು ಶಾಸ್ತ್ರಸಮ್ಮತವಾದದ್ದು ಇನ್ನೊಂದಿಲ್ಲ ಎಂದು ಮಡಿವಂತ ಅಜ್ಜಿಯರನ್ನೂ ಒಪ್ಪಿಸಿದ್ದೇನೆ.

ಡಬ್ಲ್ಯೂಪಿಸಿ, ಯುಪಿವಿಸಿ (ಗಟ್ಟಿ ಪ್ಲಾಸ್ಟಿಕ್) ಬಾಗಿಲುಗಳು ಬಚ್ಚಲಿಗೆ ಸರಿ. ನೀರಿಗೆ ಏನೂ ಆಗುವುದಿಲ್ಲ. ಮುಂಬಾಗಿಲಾಗಿ ನೇರ ಬಿಸಿಲಿಗೆ ನಿಲ್ಲಿಸಿದರೆ ಹಿಗ್ಗುವಿಕೆ ಹೆಚ್ಚು, ಭಾರದ ಬೀಗ ಬಿಜಾಗರಿಗಳ ಸ್ಕ್ರೂ ಹಿಡಿತ ಕಡಿಮೆ. ಫ್ಲಶ್ ಡೋರ್ (ಎರಡೂ ಕಡೆ ಹಾಳೆ ಅಂಟಿಸಿದ ಸಪಾಟು ಬಾಗಿಲು) ಹಾಕುವವರು ಸಜ್ಜಾದ ನೆರಳಿನಲ್ಲಿ ಮಾತ್ರ ಹಾಕಲಿ. ಅದು ಒಳಗೆ ಗಟ್ಟಿ ತುಂಬಿದ್ದಾಗಿರಬೇಕು, ಮೇಲೆ ಐಎಸ್ 2202 ಸಂಖ್ಯೆಯ ಜೊತೆ ಐಎಸ್‌ಐ ಗುರುತು ಇರಬೇಕು, ನಾಲ್ಕೂ ಅಂಚಿಗೆ ಮರದ ಪಟ್ಟಿ ಇರಬೇಕು.

ನೋಡಿಕೊಳ್ಳುವುದು ಸುಲಭ. ಎಣ್ಣೆ ಹಚ್ಚುವ ಬಾಗಿಲಾದರೆ ವರ್ಷಕ್ಕೊಮ್ಮೆ, ಮುಂಗಾರಿಗೆ ಮೊದಲು, ಧೂಳು ಒರೆಸಿ ಅಂಗಡಿಯಲ್ಲಿ ‘ಬಾಯ್ಲ್ಡ್ ಲಿನ್ಸೀಡ್ ಆಯಿಲ್’ ಎಂದು ಸಿಗುವ ಅಗಸೆ ಎಣ್ಣೆಯನ್ನು ಬಟ್ಟೆಯಲ್ಲಿ ತೆಳ್ಳಗೆ ತಿಕ್ಕಿದರೆ ಸಾಕು. ಹಚ್ಚಿದ ಬಟ್ಟೆಯನ್ನು ಮಾತ್ರ ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿರಿ. ಅಗಸೆ ಎಣ್ಣೆ ಗಾಳಿಯೊಂದಿಗೆ ಸೇರಿ ಒಣಗುವಾಗ ಶಾಖ ಹುಟ್ಟುತ್ತದೆ, ಮುದ್ದೆಯೊಳಗೆ ಆ ಶಾಖ ಕೂಡಿಕೊಂಡು ತಾನಾಗಿಯೇ ಬೆಂಕಿ ಹತ್ತಬಹುದು. ಬಟ್ಟೆಯನ್ನು ಹರವಿ ಬಯಲಿನಲ್ಲಿ ಒಣಗಿಸಬೇಕು, ಇಲ್ಲವೇ ನೀರಿನಲ್ಲಿ ಅದ್ದಿಡಬೇಕು. ನನ್ನ ವಿದ್ಯಾರ್ಥಿಗಳಿಗೆ ಮೊದಲ ವಾರವೇ ಕಲಿಸುತ್ತಿದ್ದ ಪಾಠ ಇದು.

ಕೊನೆಗೆ ಬಿಲ್ಲು. ಗದಗ, ಧಾರವಾಡ, ಹಾವೇರಿ ಮೂರೂ ಜಿಲ್ಲೆಗಳಲ್ಲಿ ಜನ ನನಗೆ ತೋರಿಸಿದ ಬಿಲ್ಲುಗಳಲ್ಲಿ ಹೆಚ್ಚಿನವುಗಳಲ್ಲಿ ‘ಟೀಕ್ ಡೋರ್ – 1’ ಎಂದಷ್ಟೇ ಇತ್ತು. ಕೆಲವರ ಬಳಿ ಬಿಲ್ಲೇ ಇರಲಿಲ್ಲ, ಚೀಟಿಯ ಮೇಲೆ ಬರೆದ ಮೊತ್ತ ಮಾತ್ರ. ಚಿನ್ನ ಕೊಳ್ಳುವಾಗ ಕ್ಯಾರೆಟ್ ಬರೆಸಿಕೊಳ್ಳುವ ಜನ, ಬಿತ್ತನೆ ಬೀಜ ಕೊಳ್ಳುವಾಗ ತಳಿಯ ಹೆಸರು ನೋಡುವ ಜನ, ಬಾಗಿಲಿನ ವಿಷಯದಲ್ಲಿ ಮಾತ್ರ ನಂಬಿ ಬರುತ್ತಾರೆ. ಬಿಲ್ಲಿನಲ್ಲಿ ಮರದ ಹೆಸರು, ಅದು ಬಂದ ಮೂಲ, ಕೊಟ್ಟ ದಿನ ಇದ್ದ ತೇವಾಂಶ, ಕದದ ಮತ್ತು ಚೌಕಟ್ಟಿನ ಅಳತೆ, ಉಕ್ಕಾದರೆ ತಗಡಿನ ದಪ್ಪ ಇಷ್ಟು ಬರೆದು ಸಹಿ ಹಾಕಲು ಅಂಗಡಿಯವರಿಗೆ ಐದು ನಿಮಿಷವೂ ಬೇಡ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಬಿಲ್ ಕೊಡದಿರುವುದೂ ಸರಕಿನ ಗುಣಮಟ್ಟದ ಬಗ್ಗೆ ಸುಳ್ಳು ಹೇಳಿ ಮಾರುವುದೂ ಅನುಚಿತ ವ್ಯಾಪಾರ ಪದ್ಧತಿ. ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ ದೂರು ಕೊಡಲು ಶುಲ್ಕವೂ ಇಲ್ಲ. ಆದರೆ ಆಯೋಗದ ಮುಂದೆ ನಿಂತಾಗ ಕೈಯಲ್ಲಿ ಸರಿಯಾದ ಬಿಲ್ ಇರಬೇಕು. ಪ್ರಾಮಾಣಿಕವಾಗಿ ವ್ಯಾಪಾರ ಮಾಡುವವರು ನಮ್ಮಲ್ಲಿ ಬಹಳ ಜನ ಇದ್ದಾರೆ. ಅವರು ಮೊದಲು ಬರೆದು ಕೊಡಲು ಆರಂಭಿಸಿದರೆ ಉಳಿದವರು ಬರೆಯಲೇಬೇಕಾಗುತ್ತದೆ.

ಸರ್ಕಾರಕ್ಕೆ ಒಂದು ಮನವಿ. ಬಡಿಗತನ ಕಲಿಸುವ ಐಟಿಐಗಳಿಗೆ ಒಂದೊಂದು ತೇವಾಂಶ ಮೀಟರ್, ಬೇರೆ ಬೇರೆ ಮರಗಳ ಹೆಸರು ಬರೆದಿಟ್ಟ ಮಾದರಿ ತುಂಡುಗಳು, ಒಂದು ಒಳ್ಳೆಯ ಭೂತಗನ್ನಡಿ ಕೊಟ್ಟು, ವಾರದಲ್ಲಿ ಒಂದು ಮಧ್ಯಾಹ್ನ ಸಾರ್ವಜನಿಕರಿಗೆ ಬಾಗಿಲು ತೆರೆದಿಡಬೇಕು. ಮನೆ ಕಟ್ಟುವವರು ತಾವು ಕೊಳ್ಳಲಿರುವ ಮರದ ತುಂಡನ್ನು ತಂದು ತೋರಿಸಲಿ, ಹುಡುಗರು ಪರೀಕ್ಷಿಸಿ ಬರೆದು ಕೊಡಲಿ. ಖರ್ಚು ಹೆಚ್ಚಿಲ್ಲ, ಕಲಿಯುವವರ ಕಣ್ಣೂ ಪಳಗುತ್ತದೆ. ಗದಗಿನಲ್ಲಿ ಇದನ್ನು ಯಾರಾದರೂ ಆರಂಭಿಸುವುದಾದರೆ, ಸಂಬಳ ಕೇಳದೆ ಬಂದು ಹುಡುಗರ ಪಕ್ಕ ಕೂರಲು ನಾನು ಸಿದ್ಧನಿದ್ದೇನೆ.

– ನಿವೃತ್ತ ಐಟಿಐ ಬೋಧಕ, ಬೆಟಗೇರಿ, ಗದಗ